ಎನಫ್‌ಗಿಂತ ದೊಡ್ಡ ಶಬ್ದ

ಹಳೆಯ ನಿಘಂಟು ತೆರೆದಾಗ ಬರುವ ಮುಗ್ಗಲು ವಾಸನೆ ಈಗಲೂ ನನ್ನನ್ನು ಯುದ್ಧಕಾಲದ ನಮ್ಮ ಊರು ಉರ್ವದ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಅಕ್ಕಿಗೆ ರೇಷನ್ ಬಂದಿತ್ತು. ನಾನೂ ಅಮ್ಮನೂ ಅಮ್ಮನ ಅಣ್ಣನ, ಅಂದರೆ ಮಾವನ ಮನೆಯಲ್ಲಿದ್ದೆವು. ಮನೆ ಪಾಲಾದ ಮೇಲೆ ಮಾವನಿಗೂ ಪಕ್ಕದ ಮನೆಯಲ್ಲಿದ್ದ ಅವರ ತಂಗಿ, ಅಂದರೆ ನನ್ನ ಚಿಕ್ಕಮ್ಮನಿಗೂ ಮಾತಿರಲಿಲ್ಲ. ಚಿಕ್ಕಮ್ಮ ಅಕ್ಕಿ ಅಡಗಿಸಿಟ್ಟಿದ್ದಾಳೆಂದು ಮಾವ ಸರಕಾರಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಿದ್ದರು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳೆಂದು ನನ್ನನ್ನು ಕರೆದರು.

“ಈ ‘ಎನಫ್’ ಅಂದ್ರೆ ಎಂತ?”

“ಸಾಕಾಗುವಷ್ಟು, ಮಾವ.”

“ಸಾಕಾಗುವಷ್ಟು ಇದ್ರೆ ಜಪ್ತಿಗೆ ಯಾರು ಬರ್ತಾರೆ? ದೊಡ್ಡ ಶಬ್ದ ಹೇಳು.”

“ಪ್ಲೆಂಟಿ.”

“ಅದು ಅಂಗಡಿಯವರ ಮಾತು. ಇನ್ನೂ ದೊಡ್ಡದು ಇಲ್ವಾ?”

ನಿಘಂಟಿನ ಒರಟು ಹಾಳೆಗಳನ್ನು ಮಗುಚಿ, “ಅಬಂಡಂಟ್. ತುಂಬಿ ತುಳುಕುವಷ್ಟು” ಎಂದೆ, ಹೆಮ್ಮೆಯಿಂದ.

ಬಾಗಿಲಲ್ಲಿ ನಿಂತಿದ್ದ ಅಮ್ಮ, “ಬೇಡ ಅಣ್ಣಾ, ಅವಳಿಗೆ ಸಣ್ಣ ಮಕ್ಕಳುಂಟು” ಎಂದಳು.

“ನೀನು ಒಳಗೆ ಹೋಗು” ಎಂದು ಮಾವ ಗದರಿದರು.

ನಾಲ್ಕನೇ ದಿನ ಅಧಿಕಾರಿಗಳು ಬಂದು ಚಿಕ್ಕಮ್ಮನ ಅಟ್ಟದಲ್ಲಿದ್ದ ಒಣಹುಲ್ಲಿನಲ್ಲಿ ಬಿಗಿದಿಟ್ಟ ಎರಡೇ ಎರಡು ಅಕ್ಕಿಮುಡಿಗಳನ್ನು ಹೊತ್ತೊಯ್ದರು. ಅಂದು ಅಮ್ಮ ಮಾವನ ಕಣ್ಣು ತಪ್ಪಿಸಿ ಒಂದು ಸೇರು ಕುಚ್ಚಲಕ್ಕಿಯನ್ನು ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಮೇಲಿಂದ ಚಾಚಿದಳು. ಚಿಕ್ಕಮ್ಮ ಅದನ್ನು ತೆಗೆದುಕೊಂಡು ನಮ್ಮ ಅಂಗಳಕ್ಕೇ ಚೆಲ್ಲಿದಳು.

“ನಿಮ್ಮ ಅಕ್ಕಿ ನೀವೇ ತಿನ್ನಿ, ಅಕ್ಕ. ನಾನು ಮಕ್ಕಳಿಗೆ ಮರಗೆಣಸು ಬೇಯಿಸ್ತೇನೆ.”

ಅಮ್ಮ ಮಣ್ಣಿನಲ್ಲೇ ಕೂತು ಕಾಳುಗಳನ್ನು ಹೆಕ್ಕತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಅವಳು ನನ್ನ ಕೈಯನ್ನು ದೂರ ತಳ್ಳಿದಳು.