ಒಂದು ಹಿಡಿ ಬೇವು

ಪಾರ್ಕಿನ ಗೇಟಿನ ಬಳಿ ತರಕಾರಿ ಜ್ಯೂಸ್ ಮಾರುತ್ತಿದ್ದ ಪುಟ್ಟತಾಯಮ್ಮ ಆ ಮನುಷ್ಯನನ್ನು ಕಂಡ ಕೂಡಲೇ ಗುರುತು ಹಿಡಿದಳು. ಅವಳು ಶಾಲೆಯಲ್ಲಿ ಆಯಾ ಆಗಿದ್ದಾಗ, ಟೀಚರೊಬ್ಬರ ಉಂಗುರ ಕಳೆದುಹೋಯಿತೆಂದು ಮಕ್ಕಳೆದುರೇ ಅವಳ ಚೀಲ ಸುರಿಸಿ, ಏನೂ ಸಿಗದಿದ್ದರೂ ಕೆಲಸದಿಂದ ಓಡಿಸಿದ್ದ ಹೆಡ್‌ಮಾಸ್ಟರ್ ಅವನು. ಅವನಿಗೆ ಮಾತ್ರ ಅವಳ ಗುರುತೇ ಸಿಗಲಿಲ್ಲ.

"ಹಾಗಲಕಾಯಿ ಜ್ಯೂಸ್ ಕೊಡಮ್ಮ. ಶುಗರ್‌ಗೆ ಒಳ್ಳೇದಂತೆ."

ಅವಳು ಒಂದು ಹಿಡಿ ಬೇವಿನ ಸೊಪ್ಪನ್ನೂ ಸೇರಿಸಿ ರುಬ್ಬಿ ಕೊಟ್ಟಳು. ಅವನು ಮುಖ ಕಿವುಚದೆ ಕುಡಿದು, "ಚೆನ್ನಾಗಿದೆ" ಎಂದ. ಅವಳ ಮೈ ಉರಿಯಿತು. ಮರುದಿನ ಎರಡು ಹಿಡಿ ಹಾಕಿದಳು, ಅದರ ಮರುದಿನ ಮೂರು. ತಿಂಗಳು ಕಳೆದರೂ ಅವನದು ಅದೇ ಮಾತು. ಆ ಮುಖ ಒಮ್ಮೆಯಾದರೂ ಹಿಂಡಿಕೊಳ್ಳುವುದನ್ನು ನೋಡದೆ ಅವಳಿಗೆ ಅನ್ನ ಸೇರದಾಯಿತು.

ಒಂದು ಬೆಳಿಗ್ಗೆ ಅವನ ಜೊತೆ ಮಗಳೂ ಬಂದಳು. ಅವನ ಲೋಟದಿಂದ ಒಂದು ಗುಟುಕು ಕುಡಿದವಳೇ ಪಕ್ಕಕ್ಕೆ ತಿರುಗಿ ಉಗಿದುಬಿಟ್ಟಳು.

ಅವನು ಬೆಂಚಿನತ್ತ ನಡೆದ ಮೇಲೆ ಪುಟ್ಟತಾಯಮ್ಮ ಕೇಳಿದಳು: "ನಿಮ್ಮಪ್ಪ ದಿನಾ ಚೆನ್ನಾಗಿದೆ ಅಂತಾರಲ್ಲವ್ವ?"

ಮಗಳು ದನಿ ತಗ್ಗಿಸಿದಳು. "ಗಂಟಲ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟಾಗಿಂದ ಅವರಿಗೆ ಯಾವ ರುಚಿನೂ ತಿಳಿಯಲ್ಲಮ್ಮ. ನಿಮಗೆ ಬೇಜಾರಾಗಬಾರದು ಅಂತ ಹಾಗಂತಾರೆ."