ತಾಟಿನಲ್ಲಿ ಎರಡು ಕಣ್ಣು

ಸವದತ್ತಿ ಪೇಟೆಯ ಬೆಳ್ಳಿ ಅಂಗಡಿಯಲ್ಲಿ ಹರಕೆಯ ಕಣ್ಣುಗಳನ್ನು ಕೆಂಪು ಬಟ್ಟೆಯ ಮೇಲೆ ಹರವಿಟ್ಟದ್ದು ಕಂಡಾಗಲೆಲ್ಲ ನನಗೆ ಯಲ್ಲಮ್ಮನಿಗಿಂತ ಮೊದಲು ಲೂಸಿ ನೆನಪಾಗುತ್ತಾಳೆ.

ನನ್ನ ಅಜ್ಜಿಯ, ನಮ್ಮೆಲ್ಲರ ಆಯಿಯ, ಎಡಗಣ್ಣಿನ ಪೊರೆ ತೆಗೆಸಲು ಕ್ರೈಸ್ತ ಸಿಸ್ಟರುಗಳ ಆಸ್ಪತ್ರೆಗೆ ಹೋಗಿದ್ದೆವು. ದೃಷ್ಟಿ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಮುಟ್ಟಿಸುತ್ತೇನೆಂದು ಎರಡು ಬೆಳ್ಳಿ ಕಣ್ಣುಗಳನ್ನು ಆಕೆ ಸೆರಗಿಗೆ ಕಟ್ಟಿಕೊಂಡಿದ್ದಳು.

ಪಟ್ಟಿ ಬಿಚ್ಚಿದ ಮಧ್ಯಾಹ್ನ ಆಯಿ ಮೊದಲು ನೋಡಿದ್ದು ನನ್ನನ್ನಲ್ಲ, ಎದುರು ಗೋಡೆಯ ಚಿತ್ರವನ್ನು. ಚಿತ್ರದ ಹಿನ್ನೆಲೆಯೆಲ್ಲ ಕಾಡಿಗೆಯಂಥ ಕತ್ತಲು. ಒಂದೇ ಕಡೆಯಿಂದ ಬಿದ್ದ ಬೆಳಕಿನಲ್ಲಿ ಒಬ್ಬ ಹುಡುಗಿಯ ಕೆನ್ನೆ, ಇಳಕಲ್ ಸೆರಗಿನಂತೆ ಮಿರುಗುವ ಕೆಂಪು ಹೊದಿಕೆ, ಕೈಯಲ್ಲೊಂದು ತಾಟು. ತಾಟಿನಲ್ಲಿ ಎರಡು ಕಣ್ಣು! ಮೂರು ದಿನದಿಂದ ನಾನು ಆ ಗೋಡೆಯ ಕಡೆ ತಲೆಯೆತ್ತಿರಲಿಲ್ಲ.

“ಯಾಕ ಅಂಜತಿ? ಹರಕಿ ಮುಟ್ಟಸಾಕ ಗುಡ್ಡಕ್ಕ ಹೊಂಟಾಳ. ಮಾರಿ ಮ್ಯಾಲ ಎಷ್ಟ ಸಮಾಧಾನ ಐತಿ ನೋಡ,” ಎಂದಳು ಆಯಿ.

ಔಷಧ ಹಾಕಲು ಬಂದ ಸಿಸ್ಟರ್ ನಕ್ಕರು. “ಅವ್ರು ಸಂತ ಲೂಸಿ ರೀ, ಅಮ್ಮಾ. ಕಣ್ಣಿನ ಬ್ಯಾನಿ ಇದ್ದವ್ರು ನಮ್ಮಲ್ಲಿ ಅವ್ರನ್ನ ಬೇಡ್ಕೋತಾರ.”

ಆಯಿ ಎದ್ದು, ಸೆರಗಿನ ಗಂಟು ಬಿಚ್ಚಿ, ಒಂದು ಬೆಳ್ಳಿ ಕಣ್ಣನ್ನು ಆ ಚಿತ್ರದ ಚೌಕಟ್ಟಿನ ಅಂಚಿನ ಮೇಲಿಟ್ಟಳು.

“ಆಯಿ, ಯಲ್ಲಮ್ಮ ಸಿಟ್ಟಾಗೂದಿಲ್ಲನು?”

ಆಯಿ ಇನ್ನೂ ಮಂಜಾಗಿದ್ದ ಬಲಗಣ್ಣನ್ನು ಒರೆಸಿಕೊಂಡಳು.

“ಯಾಕ ಸಿಟ್ಟಾಗ್ತಾಳ? ಈ ಕಣ್ಣ ಈಕಿ ಕೊಟ್ಲು. ಇನ್ನೊಂದು ಆಕಿ ಕೊಡ್ಲಿ.”