ತಟ್ಟೆಗಳ ನಡುಕ

ಮಕ್ಕಳ ಮನಸ್ಸು ಕದಡಿದರೆ ಸುತ್ತಲಿನ ಸಾಮಾನು ನಡುಗುವ ಕಾಲವದು. ದೊಡ್ಡವರಾದ ಮೇಲೆ ಅದು ತಾನಾಗಿ ನಿಲ್ಲುತ್ತದೆಂದು ಎಲ್ಲರ ನಂಬಿಕೆ. ತರಗತಿಯ ಮೂಲೆಯಲ್ಲಿಟ್ಟ ಊಟದ ತಟ್ಟೆಗಳು ಸದ್ದು ಮಾಡಿದರೆ ಉಳಿದವರು ಹೊರಗೆ ಹೋಗಬೇಕು, ನಡುಕ ನಿಲ್ಲುವತನಕ ಟೀಚರ್ ಆ ಮಗುವಿನ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು.

ಹೋದ ವಾರ ಇಂಪನಾಳ ಸಿಟ್ಟಿಗೆ ಕಿಟಕಿ ಒಡೆದು, ವಿಮಲಾಕ್ಷಿ ಟೀಚರ ಹಣೆಗೆ ಹೊಲಿಗೆ ಬಿದ್ದಿತ್ತು. ಇಂದು ಆ ಹುಡುಗಿ ಬಾಗಿಲಲ್ಲಿ ಕಂಡದ್ದೇ ತಡ, ತಟ್ಟೆಗಳು ಗಲಗಲ ನಡುಗಿದವು. ಮಕ್ಕಳೆಲ್ಲ ಹೊರಗೋಡಿದರು. ಟೀಚರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಸಿಟ್ಟು ಮಾಡ್ಕೋಬೇಡ ಪುಟ್ಟಿ."

"ನಾನಲ್ಲ ಮಿಸ್," ಅಂದಳು ಇಂಪನಾ. "ನೀವು ಹೆದರ್ಕೊಂಡಿದೀರಿ."

ಮೆಲ್ಲಗೆ ಬಂದು ಟೀಚರ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ತಟ್ಟೆಗಳು ಸುಮ್ಮನಾಗುವುದನ್ನು ಕಾಯತೊಡಗಿದಳು.